ಸಮುದಾಯ ಬಾನುಲಿ ಕೇಂದ್ರಗಳು: ಸ್ಥಾಪನೆ, ನಿರ್ವಹಣೆ ಹಾಗೂ ಆರ್ಥಿಕ ಸ್ಥಿತಿಗತಿ

1. ಪೀಠಿಕೆ

ನಿರ್ದಿಷ್ಟ ಪ್ರದೇಶವೊಂದರಲ್ಲಿ ವಾಸಿಸುವ ಜನಸಮುದಾಯವು ತನ್ನ ಆಡುಮಾತಿನಲ್ಲಿ, ತನ್ನ ಸದಸ್ಯರ ಮೂಲಕವೇ ಕಾರ್ಯಕ್ರಮಗಳನ್ನು ಸಿದ್ಧಪಡಿಸಿ, ಕಡಿಮೆ ಶಕ್ತಿಯ ಎಫ್.ಎಂ. ಪ್ರಸಾರಕದಿಂದ ಬಿತ್ತರಿಸುವ ವ್ಯವಸ್ಥೆಯನ್ನು ಸಮುದಾಯ ಬಾನುಲಿ ಎಂದು ಕರೆಯಲಾಗುತ್ತದೆ. ಭಾರತದಲ್ಲಿ ಇಂತಹ ಕೇಂದ್ರವು ಸಾಮಾನ್ಯವಾಗಿ 100 ವ್ಯಾಟ್ ಪರಿಣಾಮಕಾರಿ ವಿಕಿರಣ ಶಕ್ತಿಯ ಮಿತಿಯೊಳಗೆ ಕಾರ್ಯನಿರ್ವಹಿಸತಕ್ಕದ್ದು. ಇದರ ಪ್ರಸಾರವು ಭೂಮಿಯ ಏರಿಳಿತ ಹಾಗೂ ಕಟ್ಟಡಗಳ ದಟ್ಟಣೆಯನ್ನು ಅವಲಂಬಿಸಿ 5ರಿಂದ 10 ಕಿಲೋಮೀಟರ್ ದೂರದವರೆಗೆ ಕೇಳಿಬರುತ್ತದೆ.

ಆಕಾಶವಾಣಿಯು ಸಾರ್ವಜನಿಕ ಸೇವಾ ಪ್ರಸಾರವಾಗಿದ್ದರೆ, ಖಾಸಗಿ ಎಫ್.ಎಂ. ಕೇಂದ್ರಗಳು ವಾಣಿಜ್ಯ ಪ್ರಸಾರಗಳಾಗಿವೆ. ಸಮುದಾಯ ಬಾನುಲಿಯು ಮೂರನೆಯ ವರ್ಗಕ್ಕೆ ಸೇರಿದ್ದು, ಲಾಭದ ಉದ್ದೇಶವನ್ನು ಹೊಂದಿರುವುದಿಲ್ಲ. ಈ ಮೂರನೆಯ ವರ್ಗದ ಕೇಂದ್ರಗಳನ್ನು ಆರಂಭಿಸುವುದಕ್ಕಿಂತ ನಡೆಸಿಕೊಂಡು ಹೋಗುವುದೇ ಕಠಿಣವೆಂಬುದು ಅನುಭವದಿಂದ ಕಂಡುಬಂದಿದೆ. ಯಂತ್ರೋಪಕರಣಗಳಿಗೆ ಒಂದು ಬಾರಿ ಹಣ ದೊರೆಯಬಹುದು. ಆದರೆ ಪ್ರತಿ ತಿಂಗಳು ಬರುವ ವೇತನ, ವಿದ್ಯುತ್ ಮತ್ತು ದುರಸ್ತಿ ವೆಚ್ಚಗಳಿಗೆ ಖಚಿತವಾದ ಮೂಲವಿರುವುದಿಲ್ಲ. ಈ ಸಮಸ್ಯೆಯ ಸ್ವರೂಪವನ್ನು ಬೆಂಗಳೂರು ದಕ್ಷಿಣದ ಬಡಾವಣೆಗಳು ಹಾಗೂ ರಾಜ್ಯದ ಸಣ್ಣ ಊರುಗಳ ನಿದರ್ಶನಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

2. ಮೈಸೂರಿನ ಪೂರ್ವ ನಿದರ್ಶನ

ಕಡಿಮೆ ಶಕ್ತಿಯ ಊರ ಬಾನುಲಿಯ ಪರಂಪರೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ನಿವಾಸವಾದ ವಿಠ್ಠಲ ವಿಹಾರದಿಂದ ಪ್ರಸಾರವನ್ನು ಪ್ರಾರಂಭಿಸಿದರು. ಅವರು ಮೊದಲಿಗೆ ಬಳಸಿದ ಪ್ರಸಾರಕದ ಶಕ್ತಿ ಕೇವಲ 30 ವ್ಯಾಟ್. ಇದು ಇಂದಿನ ಸಮುದಾಯ ಬಾನುಲಿಗೆ ನಿಗದಿಯಾಗಿರುವ ಮಿತಿಗಿಂತಲೂ ಕಡಿಮೆ. ಈ ಕೇಂದ್ರಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿ ವ್ಯವಸ್ಥೆಗೂ ಸಂದಿತು.

ಈ ಕೇಂದ್ರದ ವೆಚ್ಚದ ಭಾರವು ಬಹುಮಟ್ಟಿಗೆ ಅದರ ಸ್ಥಾಪಕರ ಮೇಲೆಯೇ ಬಿದ್ದಿತ್ತು. ಸುಮಾರು 6 ವರ್ಷಗಳ ಕಾಲ ಅವರು ಅದನ್ನು ನಡೆಸಿದ ನಂತರ, 1942ರಲ್ಲಿ ಮೈಸೂರು ಸರ್ಕಾರವು ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಒಬ್ಬ ವ್ಯಕ್ತಿಯ ಉತ್ಸಾಹದಿಂದ ಬಾನುಲಿ ಕೇಂದ್ರವು ಹುಟ್ಟಬಹುದು, ಆದರೆ ಅದರ ನಿತ್ಯದ ವೆಚ್ಚಕ್ಕೆ ಸ್ಥಿರವಾದ ಆಶ್ರಯ ಬೇಕಾಗುತ್ತದೆ ಎಂಬ ಅಂಶ ಅಂದೇ ಸ್ಪಷ್ಟವಾಗಿತ್ತು.

3. ನೀತಿ ನಿಯಮಗಳ ಹಿನ್ನೆಲೆ

1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ನೀಡಿತು. ಈ ತೀರ್ಪಿನ ಹಿನ್ನೆಲೆಯಲ್ಲಿ 1996ರಲ್ಲಿ ಬೆಂಗಳೂರಿನಲ್ಲಿ ಸ್ವಯಂಸೇವಾ ಸಂಸ್ಥೆಗಳು ಹಾಗೂ ಮಾಧ್ಯಮ ತಜ್ಞರು ಸಭೆ ಸೇರಿ, ಸಮುದಾಯಗಳಿಗೂ ಪ್ರಸಾರದ ಹಕ್ಕು ದೊರೆಯಬೇಕೆಂಬ ಘೋಷಣೆಯನ್ನು ಅಂಗೀಕರಿಸಿದರು. ಆ ಬಳಿಕ ನೀತಿಯು ಮೂರು ಹಂತಗಳಲ್ಲಿ ವಿಸ್ತಾರಗೊಂಡಿದೆ.

ಅ) 2002ರ ಡಿಸೆಂಬರ್: ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಕಲ್ಪಿಸಲಾಯಿತು. ಇದರ ಅನ್ವಯ 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಕೇಂದ್ರ ಪ್ರಾರಂಭವಾಯಿತು.

ಆ) 2006ರ ನವೆಂಬರ್: ಸ್ವಯಂಸೇವಾ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು ಹಾಗೂ ಕೃಷಿ ವಿಜ್ಞಾನ ಕೇಂದ್ರಗಳಿಗೆ ಅವಕಾಶವನ್ನು ವಿಸ್ತರಿಸಲಾಯಿತು. ಅರ್ಜಿದಾರ ಸಂಸ್ಥೆಯು ಕನಿಷ್ಠ 3 ವರ್ಷಗಳಿಂದ ಸಮುದಾಯದ ಸೇವೆಯಲ್ಲಿ ತೊಡಗಿರಬೇಕು. ವ್ಯಕ್ತಿಗಳು, ರಾಜಕೀಯ ಪಕ್ಷಗಳು ಮತ್ತು ಲಾಭೋದ್ದೇಶದ ಸಂಸ್ಥೆಗಳು ಅರ್ಹರಲ್ಲ ಎಂದು ವಿಧಿಸಲಾಯಿತು. 25,000 ರೂಪಾಯಿಗಳ ಬ್ಯಾಂಕ್ ಖಾತರಿ ನೀಡುವುದು, ಕಾರ್ಯಕ್ರಮಗಳಲ್ಲಿ ಶೇಕಡ 50ರಷ್ಟನ್ನಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಸಿದ್ಧಪಡಿಸುವುದು ಕಡ್ಡಾಯವಾಯಿತು. ಈ ನೀತಿಯ ಅನ್ವಯ 2008ರ ಅಕ್ಟೋಬರ್ 15ರಂದು ಅಂದಿನ ಆಂಧ್ರಪ್ರದೇಶದ ಮಾಚನೂರಿನಲ್ಲಿ ಗ್ರಾಮೀಣ ಮಹಿಳೆಯರ 'ಸಂಘಂ ರೇಡಿಯೋ' ಪ್ರಾರಂಭವಾಯಿತು.

ಇ) 2024ರ ಫೆಬ್ರವರಿ: ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಮಾಡಿದ ಶಿಫಾರಸುಗಳ ಬಳಿಕ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಪರಿಷ್ಕೃತ ಮಾರ್ಗಸೂಚಿಗಳನ್ನು ಹೊರಡಿಸಿತು. ಪ್ರಾರಂಭಿಕ ಅನುಮತಿಯ ಅವಧಿಯನ್ನು 10 ವರ್ಷಗಳಿಗೆ ಏರಿಸಲಾಯಿತು. ಒಂದೇ ಸಂಸ್ಥೆಯು ಬೇರೆ ಬೇರೆ ಜಿಲ್ಲೆಗಳಲ್ಲಿ ಗರಿಷ್ಠ 6 ಕೇಂದ್ರಗಳನ್ನು ಸ್ಥಾಪಿಸಲು ಅವಕಾಶ ನೀಡಲಾಯಿತು. ಆ ವೇಳೆಗೆ ದೇಶದಲ್ಲಿ 481 ಸಮುದಾಯ ಬಾನುಲಿ ಕೇಂದ್ರಗಳಿದ್ದವು.

4. ಬೂದಿಕೋಟೆಯ 'ನಮ್ಮ ಧ್ವನಿ'

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಗ್ರಾಮವು ಹೈದರಾಲಿಯ ಜನ್ಮಸ್ಥಳವೆಂದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಭಾರತದ ಸಮುದಾಯ ಬಾನುಲಿಯ ಚರಿತ್ರೆಯಲ್ಲಿಯೂ ಈ ಗ್ರಾಮಕ್ಕೆ ವಿಶಿಷ್ಟ ಸ್ಥಾನವಿದೆ. ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ಪ್ರಸಾರದ ಅನುಮತಿ ಇನ್ನೂ ದೊರೆಯದಿದ್ದ ಕಾಲದಲ್ಲಿ, ಬೆಂಗಳೂರಿನ ವಾಯ್ಸಸ್ ಹಾಗೂ ಮೈರಾಡಾ ಸಂಸ್ಥೆಗಳು ಯುನೆಸ್ಕೋ ನೆರವಿನೊಂದಿಗೆ ಇಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ರೂಪಿಸಿದವು. ಆಕಾಶದ ಮೂಲಕ ಪ್ರಸಾರ ಮಾಡುವುದು ಕಾನೂನುಬಾಹಿರವಾಗಿದ್ದುದರಿಂದ, 2003ರಿಂದ ಊರಿನ ಕೇಬಲ್ ದೂರದರ್ಶನದ ತಂತಿಯ ಮೂಲಕ ಮನೆಗಳಿಗೆ ಧ್ವನಿಯನ್ನು ತಲುಪಿಸಲಾಯಿತು.

ಸ್ವಸಹಾಯ ಗುಂಪುಗಳ ಮಹಿಳೆಯರು ಹಾಗೂ ಗ್ರಾಮದ ಯುವಜನರು ಧ್ವನಿಮುದ್ರಣ ಕಲಿತು ಕುಡಿಯುವ ನೀರು, ಬೇಸಾಯ, ಆರೋಗ್ಯ, ಉಳಿತಾಯ ಮೊದಲಾದ ವಿಷಯಗಳನ್ನು ಕುರಿತು ಕಾರ್ಯಕ್ರಮಗಳನ್ನು ಸಿದ್ಧಪಡಿಸಿದರು. ಅಂದಿನ ನಿಯಮಗಳ ನಿರ್ಬಂಧವನ್ನು ಜಾಣ್ಮೆಯಿಂದ ನಿವಾರಿಸಿಕೊಂಡ ಈ ಪ್ರಯೋಗವು 2006ರ ನೀತಿಗೆ ಪೂರ್ವಭಾವಿಯಾಗಿ ಹಲವರ ಗಮನ ಸೆಳೆಯಿತು.

ಈ ಮಾದರಿಯ ಕೇಂದ್ರಗಳಿಗೆ ಒಂದು ಸಾಮಾನ್ಯ ಲಕ್ಷಣವಿದೆ. ಉಪಕರಣ, ಕಟ್ಟಡ ಮತ್ತು ತರಬೇತಿಯ ವೆಚ್ಚವನ್ನು ದಾನಿ ಸಂಸ್ಥೆಯು ಯೋಜನೆಯ ರೂಪದಲ್ಲಿ ಭರಿಸುತ್ತದೆ. ಯೋಜನೆಗೆ ಅವಧಿಯುಂಟು, ಬಾನುಲಿಗೆ ಅವಧಿಯಿಲ್ಲ. ಯೋಜನೆಯು ಮುಕ್ತಾಯಗೊಂಡ ಮರುದಿನವೂ ಪ್ರಸಾರಕವನ್ನು ಚಾಲನೆಗೊಳಿಸಲು ಒಬ್ಬರು ಬರಬೇಕಾಗುತ್ತದೆ. ಸಣ್ಣ ಊರಿನ ಕೇಂದ್ರಗಳ ಆರ್ಥಿಕ ಸಂಕಷ್ಟವು ಬಹುತೇಕ ಈ ಹಂತದಲ್ಲಿಯೇ ಪ್ರಾರಂಭವಾಗುತ್ತದೆ.

5. ರಾಜ್ಯದ ಕೆಲವು ಕೇಂದ್ರಗಳು

ಕರ್ನಾಟಕದ ಕೇಂದ್ರಗಳನ್ನು ಅವುಗಳ ಆಶ್ರಯದಾತ ಸಂಸ್ಥೆಗಳ ಆಧಾರದ ಮೇಲೆ ಮೂರು ಬಗೆಯಾಗಿ ವಿಂಗಡಿಸಬಹುದು.

ಶಿಕ್ಷಣ ಸಂಸ್ಥೆಗಳ ಕೇಂದ್ರಗಳು: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೋ ಸಾರಂಗ್, ಮಣಿಪಾಲದ ರೇಡಿಯೋ ಮಣಿಪಾಲ್, ತುಮಕೂರಿನ ರೇಡಿಯೋ ಸಿದ್ಧಾರ್ಥ ಮುಂತಾದವು ಈ ಬಗೆಗೆ ಸೇರುತ್ತವೆ. ರೇಡಿಯೋ ಸಾರಂಗ್ ಕನ್ನಡದೊಂದಿಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿಯೂ ಕಾರ್ಯಕ್ರಮಗಳನ್ನು ನೀಡಿದೆ.

ಕೃಷಿ ವಿಶ್ವವಿದ್ಯಾಲಯದ ಕೇಂದ್ರ: ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ಪ್ರಾರಂಭಿಸಿದ ಕೃಷಿ ಸಮುದಾಯ ಬಾನುಲಿಯು ರೈತರಿಗೆ ಬೆಳೆ, ಹವಾಮಾನ ಹಾಗೂ ಪಶುಪಾಲನೆಯ ಮಾಹಿತಿ ಒದಗಿಸುವ ಉದ್ದೇಶ ಹೊಂದಿದೆ.

ಸ್ವಯಂಸೇವಾ ಸಂಸ್ಥೆಗಳ ಕೇಂದ್ರಗಳು: ಬೂದಿಕೋಟೆಯ ನಮ್ಮ ಧ್ವನಿ ಹಾಗೂ ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಸ್ಥಾಪಿಸಿದ ಜನಧ್ವನಿ ಇದಕ್ಕೆ ನಿದರ್ಶನ. ಜನಧ್ವನಿಯ ಪ್ರಸಾರ ವಲಯದಲ್ಲಿ ಜೇನುಕುರುಬ, ಕಾಡುಕುರುಬ ಮೊದಲಾದ ಬುಡಕಟ್ಟು ಜನರ ಹಾಡಿಗಳಿವೆ.

ಮೊದಲ ಎರಡು ಬಗೆಯ ಕೇಂದ್ರಗಳಿಗೆ ಕಟ್ಟಡ, ವಿದ್ಯುತ್ ಮತ್ತು ಕೆಲವು ಸಿಬ್ಬಂದಿಯ ವೇತನ ಮಾತೃಸಂಸ್ಥೆಯ ಆಯವ್ಯಯದಲ್ಲಿಯೇ ಸೇರಿಹೋಗುವ ಸಾಧ್ಯತೆಯಿದೆ. ಮೂರನೆಯ ಬಗೆಯ ಕೇಂದ್ರಗಳು ಪ್ರತಿಯೊಂದು ವೆಚ್ಚಕ್ಕೂ ಪ್ರತ್ಯೇಕವಾಗಿ ಹಣ ಹೊಂದಿಸಿಕೊಳ್ಳಬೇಕಾಗುತ್ತದೆ.

6. ಬನಶಂಕರಿ, ಜಯನಗರ ಪರಿಸರದ ಸ್ಥಿತಿ

ಬೆಂಗಳೂರಿನ ಮೊದಲ ಸಮುದಾಯ ಬಾನುಲಿಯಾದ ರೇಡಿಯೋ ಆಕ್ಟಿವ್ 2007ರಲ್ಲಿ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಾರಂಭವಾಯಿತು. ಜೈನ್ ಸಮೂಹದ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿರುವ ಈ ಕೇಂದ್ರವು ಜಯನಗರ ಭಾಗದಿಂದ ಕಾರ್ಯನಿರ್ವಹಿಸಿದೆ. ಕಸ ಆಯುವವರು, ಲೈಂಗಿಕ ಅಲ್ಪಸಂಖ್ಯಾತರು ಮೊದಲಾದವರು ಸ್ವತಃ ನಿರೂಪಕರಾಗಿ ತಮ್ಮ ಬದುಕು ಮತ್ತು ದುಡಿಮೆಯ ವಿಷಯವನ್ನು ಮಂಡಿಸಿರುವುದು ಇದರ ವೈಶಿಷ್ಟ್ಯ. ಜೆ.ಪಿ. ನಗರದಲ್ಲಿರುವ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯ 'ರಮಣ ಧ್ವನಿ'ಯೂ ಇದೇ ಪರಿಸರದ ಪ್ರಯತ್ನವಾಗಿದೆ.

ಜಯನಗರದಿಂದ 5 ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಎಳೆದರೆ ಅದರ ವಿಸ್ತೀರ್ಣ ಸುಮಾರು 78 ಚದರ ಕಿಲೋಮೀಟರ್. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ, ಬಸವನಗುಡಿ, ಪದ್ಮನಾಭನಗರಗಳು ಈ ವ್ಯಾಪ್ತಿಗೆ ಬರುತ್ತವೆ. ಸರಗೂರಿನಲ್ಲಿ ಇದೇ ಅಳತೆಯ ವೃತ್ತದೊಳಗೆ ಬರುವುದು ಒಂದು ಸಣ್ಣ ಪಟ್ಟಣ, ಕೆಲವು ಗ್ರಾಮಗಳು ಮತ್ತು ಹೊಲಗದ್ದೆ. ಪ್ರಸಾರಕದ ಶಕ್ತಿ ಒಂದೇ, ನಿಯಮವೂ ಒಂದೇ. ಆದರೆ ಜಾಹೀರಾತು ನೀಡಬಲ್ಲ ಅಂಗಡಿ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಸಂಖ್ಯೆಯಲ್ಲಿ ಅಜಗಜಾಂತರವಿದೆ.

ಹಾಗೆಂದು ನಗರದ ಕೇಂದ್ರಗಳಿಗೆ ಆರ್ಥಿಕ ಚಿಂತೆಯಿಲ್ಲವೆಂದು ಭಾವಿಸಲಾಗದು. ಬೆಂಗಳೂರಿನಲ್ಲಿ 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾದ ರೇಡಿಯೋ ಸಿಟಿ ಪ್ರಾರಂಭವಾಯಿತು. ಆ ಬಳಿಕ ಹಲವು ವಾಣಿಜ್ಯ ಕೇಂದ್ರಗಳು ಬಂದಿವೆ. ಬನಶಂಕರಿಯ ದೊಡ್ಡ ಮಳಿಗೆಯು ಇಡೀ ನಗರವನ್ನು ತಲುಪುವ ವಾಣಿಜ್ಯ ಕೇಂದ್ರವನ್ನು ಆರಿಸಿಕೊಳ್ಳುತ್ತದೆ. ಸಣ್ಣ ಅಂಗಡಿಗೆ ಕರಪತ್ರ ಹಾಗೂ ಮೊಬೈಲ್ ಸಂದೇಶವೇ ಅಗ್ಗವಾಗಿ ಕಾಣುತ್ತದೆ. ಎತ್ತರದ ಕಟ್ಟಡಗಳು ಕಡಿಮೆ ಶಕ್ತಿಯ ತರಂಗಗಳಿಗೆ ಅಡ್ಡಿಯಾಗುವುದರಿಂದ ಕಾಗದದ ಮೇಲಿನ ವ್ಯಾಪ್ತಿಯು ಪೂರ್ಣವಾಗಿ ಲಭಿಸುವುದಿಲ್ಲ. ಹೀಗಾಗಿ ನಗರದ ಕೇಂದ್ರವೂ ತನ್ನ ಮಾತೃಸಂಸ್ಥೆಯನ್ನು ಅವಲಂಬಿಸುತ್ತದೆ. ಮಾತೃಸಂಸ್ಥೆಯ ಆದ್ಯತೆ ಬದಲಾದರೆ ಕೇಂದ್ರದ ಭವಿಷ್ಯವೂ ಬದಲಾಗುತ್ತದೆ.

7. ವೆಚ್ಚದ ಸ್ವರೂಪ

ಸಮುದಾಯ ಬಾನುಲಿಯ ವೆಚ್ಚಗಳನ್ನು ಅನಾವರ್ತಕ ಹಾಗೂ ಆವರ್ತಕ ಎಂದು ವಿಂಗಡಿಸಬಹುದು.

ಅನಾವರ್ತಕ ವೆಚ್ಚ: ಪ್ರಸಾರಕ, ಆಂಟೆನಾ, 30 ಮೀಟರ್ ಮಿತಿಯೊಳಗಿನ ಗೋಪುರ, ಧ್ವನಿ ನಿರೋಧಕ ಕೊಠಡಿ, ಧ್ವನಿಗ್ರಾಹಕಗಳು, ಮಿಶ್ರಕ, ಗಣಕಯಂತ್ರ ಮತ್ತು ವಿದ್ಯುತ್ ಬ್ಯಾಟರಿಗಳು ಇದರಲ್ಲಿ ಸೇರುತ್ತವೆ.

ಆವರ್ತಕ ವೆಚ್ಚ: ಇದರ ಮುಖ್ಯ ಬಾಬುಗಳು ಈ ಕೆಳಕಂಡಂತಿವೆ.

ಅ) ಸಿಬ್ಬಂದಿಯ ವೇತನ. ಸ್ವಯಂಸೇವಕರು ಎಷ್ಟೇ ಇದ್ದರೂ, ದಿನವೂ ನಿಗದಿತ ವೇಳೆಗೆ ಪ್ರಸಾರ ನಡೆಸಲು ಕನಿಷ್ಠ ಕೆಲವರಾದರೂ ಪೂರ್ಣಾವಧಿ ದುಡಿಯಬೇಕಾಗುತ್ತದೆ.

ಆ) ವಿದ್ಯುತ್ ಶುಲ್ಕ, ಬ್ಯಾಟರಿ ಬದಲಾವಣೆ ಮತ್ತು ಜನರೇಟರ್ ಇಂಧನ. ವಿದ್ಯುತ್ ಪೂರೈಕೆ ಅನಿಯಮಿತವಾಗಿರುವ ಗ್ರಾಮಾಂತರ ಪ್ರದೇಶಗಳಲ್ಲಿ ಈ ವೆಚ್ಚವು ಹೆಚ್ಚುತ್ತದೆ.

ಇ) ದುರಸ್ತಿ. ಗೋಪುರವು ಸಿಡಿಲಿಗೆ ಗುರಿಯಾಗುವ ಅಪಾಯವುಂಟು. ಪ್ರಸಾರಕ ಕೆಟ್ಟರೆ ತಂತ್ರಜ್ಞರು ದೂರದ ನಗರದಿಂದ ಬರಬೇಕು, ಇಲ್ಲವೇ ಯಂತ್ರವನ್ನೇ ಅಲ್ಲಿಗೆ ಕಳುಹಿಸಬೇಕು. ಅದು ಮರಳಿ ಬರುವವರೆಗೆ ಕೇಂದ್ರವು ಮೌನವಾಗಿರುತ್ತದೆ.

ಈ) ತರಂಗಗುಚ್ಛ ಶುಲ್ಕ ಹಾಗೂ ಪರವಾನಗಿ ನವೀಕರಣದ ವೆಚ್ಚ.

ಉ) ಚಲನಚಿತ್ರ ಗೀತೆ ಮುಂತಾದ ಧ್ವನಿಮುದ್ರಿತ ಸಂಗೀತವನ್ನು ಬಳಸಿದಲ್ಲಿ ಹಕ್ಕುಸ್ವಾಮ್ಯದ ಸಂಭಾವನೆ. ಸ್ಥಳೀಯ ಸೋಬಾನೆ, ತತ್ವಪದ, ಕೋಲಾಟದ ಪದಗಳನ್ನು ಊರಿನವರಿಂದಲೇ ಹಾಡಿಸಿ ಮುದ್ರಿಸಿಕೊಳ್ಳುವುದರಿಂದ ಈ ವೆಚ್ಚವು ಉಳಿಯುತ್ತದೆ. ಜೊತೆಗೆ ಆ ಹಾಡುಗಳ ದಾಖಲೆಯೂ ಉಳಿಯುತ್ತದೆ.

ಊ) ವರದಿಗಾರರ ಪ್ರಯಾಣ, ದೂರವಾಣಿ, ಅಂತರ್ಜಾಲ ಹಾಗೂ ಲೆಕ್ಕಪತ್ರ ತಪಾಸಣೆಯ ವೆಚ್ಚ.

8. ಆದಾಯದ ಮೂಲಗಳು ಮತ್ತು ಮಿತಿಗಳು

ಸಮುದಾಯ ಬಾನುಲಿಯ ಆದಾಯವು ಜಾಹೀರಾತು, ಸರ್ಕಾರಿ ಇಲಾಖೆಗಳ ಪ್ರಾಯೋಜಿತ ಕಾರ್ಯಕ್ರಮ, ದಾನಿಗಳ ಯೋಜನೆ ಹಾಗೂ ಮಾತೃಸಂಸ್ಥೆಯ ಅನುದಾನ ಎಂಬ ನಾಲ್ಕು ಮೂಲಗಳಿಂದ ಬರುತ್ತದೆ. ಸ್ಥಳೀಯ ವ್ಯಾಪಾರ, ಸೇವೆ, ಕಾರ್ಯಕ್ರಮ ಹಾಗೂ ಉದ್ಯೋಗಾವಕಾಶಗಳಿಗೆ ಸಂಬಂಧಿಸಿದ ಜಾಹೀರಾತುಗಳಿಗೆ 2006ರ ನೀತಿಯು ಗಂಟೆಗೆ 5 ನಿಮಿಷಗಳ ಅವಕಾಶ ನೀಡಿತ್ತು. ಇದು ನಂತರ 7 ನಿಮಿಷಗಳಿಗೆ ಏರಿತು. 2024ರಲ್ಲಿ 12 ನಿಮಿಷಗಳಾಯಿತು. ಇದರೊಂದಿಗೆ ಸರ್ಕಾರಿ ಜಾಹೀರಾತಿನ ದರವನ್ನು 10 ಸೆಕೆಂಡುಗಳಿಗೆ 52 ರೂಪಾಯಿಗಳಿಂದ 74 ರೂಪಾಯಿಗಳಿಗೆ ಹೆಚ್ಚಿಸಲಾಯಿತು.

ಈ ಅಂಕಿಗಳ ಅರ್ಥವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಹಿಂದಿನ ದರದಲ್ಲಿ 7 ನಿಮಿಷಗಳು ಪೂರ್ಣವಾಗಿ ಭರ್ತಿಯಾದರೆ ಗಂಟೆಗೆ 2,184 ರೂಪಾಯಿಗಳಾಗುತ್ತಿದ್ದವು. ಪರಿಷ್ಕೃತ ದರದಲ್ಲಿ 12 ನಿಮಿಷಗಳು ಭರ್ತಿಯಾದರೆ 5,328 ರೂಪಾಯಿಗಳಾಗುತ್ತವೆ. ಏರಿಕೆಯು ದೊಡ್ಡದಾಗಿ ತೋರುತ್ತದೆ. ಆದರೆ ಇದು ಗರಿಷ್ಠ ಮಿತಿಯೇ ಹೊರತು ನಿಶ್ಚಿತ ಆದಾಯವಲ್ಲ. 5 ನಿಮಿಷಗಳಿಗೂ ಜಾಹೀರಾತು ದೊರೆಯದ ಊರಿಗೆ 12 ನಿಮಿಷಗಳ ಅವಕಾಶದಿಂದ ವಿಶೇಷ ಪ್ರಯೋಜನವಾಗದು.

ಉದಾಹರಣೆಗೆ, 30 ಸೆಕೆಂಡುಗಳ ಒಂದು ಜಾಹೀರಾತಿಗೆ ಪರಿಷ್ಕೃತ ದರದಲ್ಲಿ 222 ರೂಪಾಯಿಗಳು ದೊರೆಯುತ್ತವೆ. ದಿನಕ್ಕೆ ಇಂತಹ 4 ಜಾಹೀರಾತುಗಳು ತಪ್ಪದೆ ಬಂದರೆ 30 ದಿನಗಳಿಗೆ 26,640 ರೂಪಾಯಿಗಳಾಗುತ್ತವೆ. ಮೂವರು ಸಿಬ್ಬಂದಿ ಇದ್ದಲ್ಲಿ, ವಿದ್ಯುತ್ ಶುಲ್ಕವನ್ನು ಪಾವತಿಸುವ ಮೊದಲೇ, ತಲಾ 8,880 ರೂಪಾಯಿಗಳಷ್ಟೇ ಪಾಲಿಗೆ ಬರುತ್ತವೆ. ಈ ದರವು ಸರ್ಕಾರಿ ಜಾಹೀರಾತಿಗೆ ಅನ್ವಯಿಸುವಂಥದು. ಊರಿನ ಕಿರಾಣಿ ಅಂಗಡಿ ಅಥವಾ ಬೀಜದಂಗಡಿಯ ಮಾಲೀಕರು ಇದೇ ದರವನ್ನು ನೀಡುವರೆಂಬ ಖಾತರಿಯಿಲ್ಲ.

ಇದಲ್ಲದೆ ಈ ಕೆಳಕಂಡ ಅಂಶಗಳನ್ನೂ ಗಮನಿಸಬೇಕಾಗಿದೆ.

ಅ) ಸರ್ಕಾರಿ ಜಾಹೀರಾತು ಪಡೆಯಲು ಕೇಂದ್ರವು ಸಂಬಂಧಪಟ್ಟ ಸಂಸ್ಥೆಯ ಪಟ್ಟಿಯಲ್ಲಿ ನೋಂದಣಿಯಾಗಿರಬೇಕು. ಪ್ರಸಾರದ ದಾಖಲೆ ಮತ್ತು ಬಿಲ್ಲುಗಳನ್ನು ಸಲ್ಲಿಸಿದ ನಂತರ ಹಣ ಬರಲು ಕಾಲಾವಕಾಶ ಬೇಕಾಗುತ್ತದೆ. ಮೂಲಧನವಿಲ್ಲದ ಸಣ್ಣ ಕೇಂದ್ರವು ಈ ವಿಳಂಬವನ್ನು ತಾಳಿಕೊಳ್ಳಲಾರದು.

ಆ) ಸರ್ಕಾರ ಹಾಗೂ ಸಾರ್ವಜನಿಕ ಹಿತದ ಮಾಹಿತಿ ನೀಡುವ ಸಂಸ್ಥೆಗಳನ್ನು ಹೊರತುಪಡಿಸಿ ಇತರರ ಪ್ರಾಯೋಜಿತ ಕಾರ್ಯಕ್ರಮಗಳಿಗೆ 2006ರ ನೀತಿಯು ಅವಕಾಶ ನೀಡಲಿಲ್ಲ.

ಇ) ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ನೀಡಲಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಯಥಾವತ್ತಾಗಿ ಮರುಪ್ರಸಾರ ಮಾಡಬಹುದಾಗಿದೆ. ಕೇಳುಗರನ್ನು ಸೆಳೆಯುವ ಪ್ರಮುಖ ಸಾಧನವೊಂದು ಹೀಗೆ ಕೇಂದ್ರದ ಕೈಯಲ್ಲಿಲ್ಲ.

ಈ) ಜಾಹೀರಾತಿನ ಆದಾಯವನ್ನು ಕೇಂದ್ರದ ನಿರ್ವಹಣೆ ಮತ್ತು ಬಂಡವಾಳ ವೆಚ್ಚಕ್ಕೆ ಮಾತ್ರ ಬಳಸತಕ್ಕದ್ದೆಂದು 2006ರ ನೀತಿಯು ವಿಧಿಸಿತು.

ಈ ನಿರ್ಬಂಧಗಳಿಗೆ ಸಕಾರಣವುಂಟು. ಕೇಂದ್ರವು ಊರಿನದಾಗಿಯೇ ಉಳಿಯಬೇಕು, ವ್ಯಾಪಾರಿ ಸಂಸ್ಥೆಯ ಕೈವಶವಾಗಬಾರದು ಎಂಬುದು ಅವುಗಳ ಉದ್ದೇಶ. ಆದರೆ ಸಮುದಾಯ ಬಾನುಲಿಯನ್ನು ಸಮುದಾಯದ್ದಾಗಿ ಕಾಪಾಡುವ ನಿಯಮಗಳೇ ಅದರ ಗಳಿಕೆಯನ್ನೂ ಕುಗ್ಗಿಸುತ್ತವೆ. ಆದುದರಿಂದ ಜಾಹೀರಾತಿನಿಂದಲೇ ಕೇಂದ್ರವು ಸ್ವಾವಲಂಬಿಯಾಗಬೇಕೆಂಬ ನಿರೀಕ್ಷೆಯು ಸಣ್ಣ ಊರುಗಳಿಗೆ ಹೊಂದುವುದಿಲ್ಲ.

9. ತರಂಗಗುಚ್ಛ ಶುಲ್ಕದ ಪ್ರಕರಣ

ಸಣ್ಣ ಮೊತ್ತವೊಂದು ಈ ಕೇಂದ್ರಗಳ ಪಾಲಿಗೆ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ 2012ರ ಘಟನೆಯು ಸಾಕ್ಷಿ. ಆ ವರ್ಷ ಕೇಂದ್ರದ ಸಂಪರ್ಕ ಸಚಿವಾಲಯವು ಸಮುದಾಯ ಬಾನುಲಿಗಳ ವಾರ್ಷಿಕ ತರಂಗಗುಚ್ಛ ಶುಲ್ಕವನ್ನು 19,700 ರೂಪಾಯಿಗಳಿಂದ 91,000 ರೂಪಾಯಿಗಳಿಗೆ ಏರಿಸಿತು. ದೇಶದಾದ್ಯಂತ ಕೇಂದ್ರಗಳು ವಿರೋಧ ವ್ಯಕ್ತಪಡಿಸಿದವು. ಆನಂತರ ಏರಿಕೆಯನ್ನು ಹಿಂಪಡೆಯಲಾಯಿತು.

ಈ ಮೊತ್ತದ ಭಾರವನ್ನು 2024ರ ಜಾಹೀರಾತು ದರದಲ್ಲಿ ಅಳೆದು ನೋಡಬಹುದು. 19,700 ರೂಪಾಯಿಗಳನ್ನು ಹೊಂದಿಸಲು 30 ಸೆಕೆಂಡುಗಳ 89 ಜಾಹೀರಾತುಗಳು ಬೇಕಾಗುತ್ತವೆ. 91,000 ರೂಪಾಯಿಗಳಿಗೆ 410 ಬೇಕಾಗುತ್ತವೆ. ವಾಣಿಜ್ಯ ಕೇಂದ್ರಕ್ಕೆ ಇದು ಗಣನೆಗೆ ಬಾರದ ಮೊತ್ತ. ಹಳ್ಳಿಯ ಕೇಂದ್ರಕ್ಕೆ ಇದು ಒಬ್ಬ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಅಥವಾ ಬಿಡುವ ಪ್ರಶ್ನೆಯಾಗುತ್ತದೆ.

10. ಸರ್ಕಾರದ ನೆರವು

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಸಮುದಾಯ ಬಾನುಲಿ ಆಂದೋಲನಕ್ಕೆ ಬೆಂಬಲ ನೀಡುವ ಯೋಜನೆಯನ್ನು ಜಾರಿಗೊಳಿಸಿತು. ಉಪಕರಣಗಳ ವೆಚ್ಚದಲ್ಲಿ ಶೇಕಡ 50ರಷ್ಟಿದ್ದ ಸಹಾಯಧನವನ್ನು 2017ರಲ್ಲಿ ಶೇಕಡ 75ಕ್ಕೆ, ಈಶಾನ್ಯ ರಾಜ್ಯಗಳಿಗೆ ಶೇಕಡ 90ಕ್ಕೆ ಹೆಚ್ಚಿಸಲಾಯಿತು. ಗರಿಷ್ಠ ಮಿತಿ 7.5 ಲಕ್ಷ ರೂಪಾಯಿಗಳು. ಅಂದರೆ 10 ಲಕ್ಷ ರೂಪಾಯಿಗಳ ಉಪಕರಣ ಖರೀದಿಗೆ ಸಂಸ್ಥೆಯು 2.5 ಲಕ್ಷ ರೂಪಾಯಿಗಳನ್ನು ಸ್ವಂತವಾಗಿ ಹೊಂದಿಸಬೇಕಾಗುತ್ತಿತ್ತು.

ತರಬೇತಿ, ಪ್ರಾದೇಶಿಕ ಸಮ್ಮೇಳನಗಳು ಹಾಗೂ ರಾಷ್ಟ್ರೀಯ ಸಮುದಾಯ ಬಾನುಲಿ ಪ್ರಶಸ್ತಿಗಳನ್ನು ಸಹ ಸಚಿವಾಲಯವು ಏರ್ಪಡಿಸಿದೆ. ಪ್ರಶಸ್ತಿಗಳಲ್ಲಿ ಸುಸ್ಥಿರ ನಿರ್ವಹಣಾ ಮಾದರಿಗೆ ಪ್ರತ್ಯೇಕ ವಿಭಾಗವನ್ನು ಇರಿಸಿರುವುದು, ಈ ಸಮಸ್ಯೆಯ ಮಹತ್ವವನ್ನು ಸೂಚಿಸುತ್ತದೆ.

ಆದಾಗ್ಯೂ ಮೇಲ್ಕಂಡ ಸಹಾಯಧನವು ಅನಾವರ್ತಕ ವೆಚ್ಚಕ್ಕೆ ಸಂಬಂಧಿಸಿದ್ದು. ಯಂತ್ರವನ್ನು ಕೊಳ್ಳಲು ನೆರವು ದೊರೆಯುತ್ತದೆ. ಯಂತ್ರದ ಮುಂದೆ ಕುಳಿತು ಮಾತನಾಡುವವರ ವೇತನಕ್ಕೆ ನಿಯತವಾದ ನೆರವು ಇದರಿಂದ ದೊರೆಯುವುದಿಲ್ಲ. ಕೇಂದ್ರಗಳ ಸಂಖ್ಯೆಯ ಏರಿಕೆಯೊಂದನ್ನೇ ಪ್ರಗತಿಯ ಅಳತೆಗೋಲಾಗಿ ತೆಗೆದುಕೊಳ್ಳದೆ, ಅವು ದಿನಕ್ಕೆ ಎಷ್ಟು ಗಂಟೆ ಪ್ರಸಾರ ಮಾಡುತ್ತವೆ ಎಂಬುದನ್ನೂ ಗಮನಿಸುವುದು ಸೂಕ್ತ.

11. ಇತರ ದೇಶಗಳ ಕ್ರಮಗಳು

ಇದೇ ಸಮಸ್ಯೆಯನ್ನು ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಎದುರಿಸಿವೆ.

ಫ್ರಾನ್ಸ್: ವಾಣಿಜ್ಯ ಪ್ರಸಾರ ಸಂಸ್ಥೆಗಳ ಜಾಹೀರಾತು ಆದಾಯದ ಮೇಲಿನ ತೆರಿಗೆಯಿಂದ ಸ್ಥಳೀಯ ಸಂಘಗಳ ಬಾನುಲಿಗಳಿಗೆ ನೆರವು ನೀಡುವ ವಿಶೇಷ ನಿಧಿಯನ್ನು 1980ರ ದಶಕದಲ್ಲಿ ಸ್ಥಾಪಿಸಲಾಯಿತು. ತಮ್ಮ ಆದಾಯದಲ್ಲಿ ಜಾಹೀರಾತಿನ ಪಾಲು ಶೇಕಡ 20ಕ್ಕಿಂತ ಕಡಿಮೆಯಿರುವ ಕೇಂದ್ರಗಳಿಗೆ ಈ ನಿಧಿ ಮೀಸಲಾಯಿತು. ನಿತ್ಯದ ನಿರ್ವಹಣೆಗೂ ಇದರಿಂದ ಸಹಾಯ ದೊರೆಯುತ್ತದೆ ಎಂಬುದು ವಿಶೇಷ.

ದಕ್ಷಿಣ ಆಫ್ರಿಕ: 2002ರ ಕಾಯಿದೆಯ ಮೂಲಕ ಮಾಧ್ಯಮ ಅಭಿವೃದ್ಧಿ ಮತ್ತು ವೈವಿಧ್ಯ ಸಂಸ್ಥೆಯನ್ನು ರಚಿಸಿ, ಸಮುದಾಯ ಮಾಧ್ಯಮಗಳಿಗೆ ಅನುದಾನ ನೀಡುವ ವ್ಯವಸ್ಥೆ ಮಾಡಲಾಯಿತು.

ಅಮೆರಿಕ ಸಂಯುಕ್ತ ಸಂಸ್ಥಾನ: 2000ದಲ್ಲಿ ಗರಿಷ್ಠ 100 ವ್ಯಾಟ್ ಶಕ್ತಿಯ ಎಫ್.ಎಂ. ಸೇವೆಯನ್ನು ರೂಪಿಸಲಾಯಿತು; 2011ರ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆಯು ಇದನ್ನು ವಿಸ್ತರಿಸಿತು. ಅಲ್ಲಿ ಈ ಕೇಂದ್ರಗಳಿಗೆ ವಾಣಿಜ್ಯ ಜಾಹೀರಾತಿನ ಅವಕಾಶವಿಲ್ಲ. ಧನಸಹಾಯ ಮಾಡಿದವರ ಹೆಸರನ್ನು ಕೃತಜ್ಞತೆಯಿಂದ ಸೂಚಿಸಬಹುದು. ಹೀಗಾಗಿ ಕೇಳುಗರ ವಂತಿಗೆ ಅಲ್ಲಿ ಮುಖ್ಯ ಆಧಾರವಾಗಿದೆ.

ಈ ಮೂರೂ ದೇಶಗಳಲ್ಲಿ ಜಾಹೀರಾತಿನಾಚೆಗಿನ ಒಂದು ಆಧಾರವನ್ನು ಕಲ್ಪಿಸಲಾಗಿದೆ ಎಂಬುದು ಗಮನಾರ್ಹ.

12. ಕೇಂದ್ರಗಳ ಉಳಿವಿಗೆ ನೆರವಾಗುವ ಕ್ರಮಗಳು

ಹೊಸದಾಗಿ ಕೇಂದ್ರವನ್ನು ಸ್ಥಾಪಿಸಲು ಆಸಕ್ತಿಯುಳ್ಳ ಸಂಸ್ಥೆಗಳು ಹಾಗೂ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಉಪಯುಕ್ತ.

ಅ) ಅರ್ಜಿ ಸಲ್ಲಿಸುವ ಮೊದಲೇ ಕನಿಷ್ಠ 3 ವರ್ಷಗಳ ಆವರ್ತಕ ವೆಚ್ಚದ ಅಂದಾಜುಪಟ್ಟಿಯನ್ನು ತಯಾರಿಸಿ, ಪ್ರತಿಯೊಂದು ಬಾಬಿನ ಎದುರು ಹಣದ ಮೂಲವನ್ನು ನಮೂದಿಸಿಕೊಳ್ಳುವುದು.

ಆ) ಯಾವುದೇ ಒಂದು ಮೂಲದ ಮೇಲೆ ಪೂರ್ಣವಾಗಿ ಅವಲಂಬಿಸದಿರುವುದು. ದಾನಿಯ ಯೋಜನೆಯು ಮುಗಿದರೂ, ಸರ್ಕಾರಿ ಬಿಲ್ಲು ತಡವಾದರೂ ಕೆಲವು ತಿಂಗಳು ನಡೆಯುವಷ್ಟು ಮೀಸಲು ನಿಧಿಯನ್ನು ಇರಿಸಿಕೊಳ್ಳುವುದು.

ಇ) ಸಿಡಿಲು ರಕ್ಷಕವನ್ನು ಅಳವಡಿಸುವುದು, ಸ್ಥಳೀಯ ಯುವಕ ಯುವತಿಯರಿಗೆ ಪ್ರಾಥಮಿಕ ದುರಸ್ತಿಯ ತರಬೇತಿ ನೀಡುವುದು.

ಈ) ಗ್ರಾಮ ಪಂಚಾಯಿತಿಗಳು, ನಗರ ಸ್ಥಳೀಯ ಸಂಸ್ಥೆಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಮ್ಮ ಪ್ರಕಟಣೆಗಳನ್ನು ನಿಗದಿತ ದರ ನೀಡಿ ಬಾನುಲಿಯ ಮೂಲಕ ಹೊರಡಿಸುವುದು. ಲಸಿಕಾ ಶಿಬಿರ, ನೀರು ಪೂರೈಕೆಯ ವೇಳೆ, ಗ್ರಾಮಸಭೆಯ ದಿನಾಂಕ ಮುಂತಾದ ಮಾಹಿತಿಗೆ ಇದು ಅತ್ಯಂತ ಸೂಕ್ತ ಮಾಧ್ಯಮ.

ಉ) ಬನಶಂಕರಿ, ಜಯನಗರದಂತಹ ಬಡಾವಣೆಗಳಲ್ಲಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳು ಕೇಂದ್ರದೊಂದಿಗೆ ವಾರ್ಷಿಕ ಒಡಂಬಡಿಕೆ ಮಾಡಿಕೊಂಡು ಕಸ ವಿಂಗಡಣೆ, ಮಳೆನೀರು ಸಂಗ್ರಹದಂತಹ ವಿಷಯಗಳ ಕಾರ್ಯಕ್ರಮಗಳಿಗೆ ವಂತಿಗೆ ನೀಡುವುದು.

ಊ) ಒಂದೇ ಪ್ರದೇಶದ ಕೇಂದ್ರಗಳು ಕಾರ್ಯಕ್ರಮಗಳನ್ನು ವಿನಿಮಯ ಮಾಡಿಕೊಂಡು, ತಂತ್ರಜ್ಞರ ಸೇವೆಯನ್ನು ಹಂಚಿಕೊಳ್ಳುವುದು.

ಋ) ಜಮಾಖರ್ಚಿನ ವಿವರವನ್ನು ವರ್ಷಕ್ಕೊಮ್ಮೆ ಬಾನುಲಿಯಲ್ಲಿಯೇ ಓದುವುದು. ತನ್ನ ಹಣ ಎಲ್ಲಿ ವಿನಿಯೋಗವಾಯಿತೆಂದು ತಿಳಿದ ಕೇಳುಗನು ಮತ್ತೊಮ್ಮೆ ನೀಡಲು ಹಿಂಜರಿಯುವುದಿಲ್ಲ.

13. ಉಪಸಂಹಾರ

ವಾಣಿಜ್ಯ ಕೇಂದ್ರವೊಂದು ಮುಚ್ಚಿದರೆ ಕೇಳುಗರಿಗೆ ಬೇರೆ ಕೇಂದ್ರಗಳಿರುತ್ತವೆ. ಸಮುದಾಯ ಬಾನುಲಿಯು ಮೌನವಾದರೆ ಜೇನುಕುರುಬರ ಹಾಡಿಯ ಹಾಡು, ಬೂದಿಕೋಟೆಯ ಮಹಿಳೆಯರ ಉಳಿತಾಯದ ಚರ್ಚೆ, ಬೆಂಗಳೂರಿನ ಕಸ ಆಯುವವರ ಮಾತು ಇವುಗಳಿಗೆ ಬದಲಿ ಕೇಂದ್ರ ಇರುವುದಿಲ್ಲ. ಕೇಂದ್ರವು ಮುಚ್ಚಿದ್ದು ಆ ವೃತ್ತದ ಹೊರಗಿನವರಿಗೆ ತಿಳಿಯುವುದೂ ಇಲ್ಲ.

1935ರಲ್ಲಿ ಒಂಟಿಕೊಪ್ಪಲಿನ ಮನೆಯೊಂದರಿಂದ ಹೊರಟ 30 ವ್ಯಾಟ್ ಧ್ವನಿಯು ಉಳಿದದ್ದು, ಸಕಾಲದಲ್ಲಿ ಸಾರ್ವಜನಿಕ ಆಶ್ರಯ ದೊರೆತುದರಿಂದ. ಇಂದಿನ ಕೇಂದ್ರಗಳು ಸರ್ಕಾರದ ಸುಪರ್ದಿಗೆ ಸೇರಬೇಕಾಗಿಲ್ಲ. ಸೇರಿದರೆ ಅವು ಸಮುದಾಯದವಾಗಿ ಉಳಿಯುವುದೂ ಇಲ್ಲ. ಅವುಗಳಿಗೆ ಬೇಕಾಗಿರುವುದು ನಿತ್ಯದ ವೆಚ್ಚಕ್ಕೆ ತಕ್ಕಮಟ್ಟಿನ ನಿಶ್ಚಿತ ಆಧಾರ. ಆ ಆಧಾರವನ್ನು ಸರ್ಕಾರ, ಸ್ಥಳೀಯ ಸಂಸ್ಥೆಗಳು, ಮಾತೃಸಂಸ್ಥೆ ಹಾಗೂ ಕೇಳುಗರು ಹಂಚಿಕೊಂಡಲ್ಲಿ 100 ವ್ಯಾಟ್ ಮಿತಿಯ ಕೇಂದ್ರಗಳು ತಮ್ಮ ಉದ್ದೇಶವನ್ನು ಪೂರೈಸಬಲ್ಲವು. ತಮ್ಮ ಪ್ರದೇಶದಲ್ಲಿ ಸಮುದಾಯ ಬಾನುಲಿ ಕೇಂದ್ರವಿದ್ದಲ್ಲಿ ಸಾರ್ವಜನಿಕರು ಅದನ್ನು ಆಲಿಸಿ, ಕಾರ್ಯಕ್ರಮಗಳಲ್ಲಿ ಪಾಲ್ಗೊಂಡು, ಸಾಧ್ಯವಾದಷ್ಟು ನೆರವು ನೀಡಬಹುದಾಗಿದೆ.